ಗ್ವೆಂಡಾಳ ಕಡತ

ಲಾನ್ಸೆಸ್ಟನ್ನಿನ ಹಳೇ ಸಾಮಾನಿನ ಅಂಗಡಿಯಲ್ಲಿ
ಟೋಸ್ಟರು, ಒಂಟಿ ಬೂಟುಗಳ ನಡುವೆ
ನಲವತ್ತು ಡಾಲರಿಗೆ ಸಿಕ್ಕಿತು ಲ್ಯಾಪ್‌ಟಾಪು.
ಮುಚ್ಚಳದ ಮೇಲೆ ಯಾವುದೋ ಉಗುರಿನ ಗೀರು,
ಚಾರ್ಜರಿನ ಕೊರಳಿಗೆ ನೀಲಿ ಟೇಪು.
'ನಡೆಯುತ್ತೆ,' ಎಂದಳು ಗಲ್ಲಾದವಳು,
'ಒಳಗೆ ಹೋಗೋಕಾಗಲ್ಲ, ಅಷ್ಟೇ.'

ಮನೆಗೆ ತಂದು ಗುಂಡಿ ಒತ್ತಿದೆ.
ಸ್ವಾಗತ, ಗ್ವೆಂಡಾ. ಪಾಸ್‌ವರ್ಡ್?
ನಾನು ಹಂಪಮ್ಮ ಕಣಮ್ಮ, ಎಂದು ಒತ್ತಿದೆ.
ತಪ್ಪು, ಎಂದಿತು.

ಲೈಬ್ರರಿಯ ಕ್ಯಾಲಮ್, ಮೊಣಕೈ ಮೇಲೆ ಪ್ಲಾಟಿಪಸ್ ಹಚ್ಚೆಯವನು,
ಹೆಬ್ಬೆರಳುದ್ದದ ಪೆನ್‌ಡ್ರೈವ್ ಕೈಗಿಟ್ಟ.
'ಇಂಥ ಹಳೇದನ್ನೆಲ್ಲ ಕಂಪನಿ ಕೈಬಿಟ್ಟಿದೆ. ಲಿನಕ್ಸ್ ಹಾಕು.'
'ಎಷ್ಟು?'
'ಏನಿಲ್ಲ.'
ಏನಿಲ್ಲ ಅಂದರೆ? ಮೂರು ಸಲ ಕೇಳಿದೆ.
ರಾಯಚೂರಲ್ಲಿ ನಮ್ಮ ಓಣಿಯೊಳಗೆ
ಬಿಟ್ಟಿ ಕೊಟ್ಟದ್ದಕ್ಕೆ ಬಡ್ಡಿ ಎಂದು ಬರುತ್ತದೆ
ಅನ್ನುವುದಷ್ಟೇ ಪ್ರಶ್ನೆ.
'ಯಾರು ಯಾರೋ ಮಾಡಿಟ್ಟಿದ್ದಾರೆ,' ಎಂದ.
'ನಿನಗೆ ಆದಾಗ ನೀನೂ ಏನಾದರೂ ಮಾಡು.'
ಅರವಟ್ಟಿಗೆ ಅನ್ನು ಮತ್ತೆ,
ಎಂದೆ, ಕನ್ನಡದಲ್ಲೇ. ಅವನು ತಲೆಯಾಡಿಸಿದ.

ರಾತ್ರಿ ಪಾಳಿ ಮುಗಿಸಿ ಬಂದು,
ಕೈಗಿನ್ನೂ ಆಸ್ಪತ್ರೆ ಲಾಂಡ್ರಿಯ ಬ್ಲೀಚ್ ವಾಸನೆ,
ಎಫ್ ಹನ್ನೆರಡನ್ನು ಕುಟ್ಟಿದೆ.
ಮೂರನೇ ಸಲಕ್ಕೆ ಕಪ್ಪು ಪರದೆ,
ಬಿಳಿ ಅಕ್ಷರಗಳ ಓಟ, ಆಮೇಲೆ ಹಸಿರು.
ಹಾಕುವ ಮುಂಚೆ ಸುಮ್ಮನೆ ನೋಡಬಹುದು, ಅಂದಿದ್ದನಲ್ಲ,
ನೋಡಿದೆ.
ಬೀಗ ಇದ್ದದ್ದು ಮುಂಬಾಗಿಲಿಗೆ ಮಾತ್ರ.
ಗ್ವೆಂಡಾಳ ಡಿಸ್ಕು ಹಿತ್ತಿಲಿನಿಂದ ತೆರೆದುಕೊಂಡಿತು.

ನೀರಿನ ಬಿಲ್ಲಿನ ಮೇಲೆ ದೂರುಪತ್ರ, ಏಳು ಕರಡು.
ಒಂದು ನಾಯಿಯ ಇನ್ನೂರು ಫೋಟೊ,
ಮುಕ್ಕಾಲು ಪಾಲು ಹಿಂದಿನಿಂದ ತೆಗೆದದ್ದು.
ಫ್ರಾಸ್ಟ್ ಎಂಬ ಒಂದು ಕಡತ.
ವರ್ಷಕ್ಕೊಂದು ಸಾಲು, ಹತ್ತೊಂಬತ್ತು ವರ್ಷ:
ಮೇ ಒಂಬತ್ತು. ಟೊಮೇಟೊ ಹೋಯಿತು.
ಏಪ್ರಿಲ್ ಇಪ್ಪತ್ತೆಂಟು. ಬೇಗ ಬಂತು. ಹಳೇ ಬೆಡ್‌ಶೀಟ್ ಹೊದಿಸಿದೆ.
ಮೇ ಹದಿನೇಳು. ಲೆನ್ ಇದ್ದಿದ್ದರೆ ಎಬ್ಬಿಸುತ್ತಿದ್ದ.

ಫ್ರಾಸ್ಟಿಗೆ ನನ್ನ ಬಾಯಲ್ಲಿ ಪದವಿಲ್ಲ,
ನಲವತ್ನಾಲ್ಕು ಡಿಗ್ರಿಯಲ್ಲಿ ಹುಟ್ಟಿದವಳು.
ಇಬ್ಬನಿ ಅಂದರೆ ತೀರಾ ಮೆತ್ತಗಾಯಿತು,
ಹಿಮ ಅಂದರೆ ಹಿಮಾಲಯ,
ಮಂಜು ಅಂದರೆ ಎದುರು ಮನೆ ಹುಡುಗಿ.

ಅಂಗಡಿಗೆ ಫೋನ್ ಮಾಡಿದೆ.
ಯಾರೋ ಮನೆ ಖಾಲಿ ಮಾಡುವವರು ತಂದಿಟ್ಟದ್ದು,
ಹೆಸರು ಬರೆದುಕೊಳ್ಳುವುದಿಲ್ಲವಂತೆ.

ಇಡೀ ಡಿಸ್ಕ್ ಅಳಿಸಲೇ? ಕೇಳಿತು, ಕನ್ನಡದಲ್ಲಿ.
ಅಳಿಸು. ಉಳಿಸು.
ಇಷ್ಟು ಹತ್ತಿರದ ಎರಡು ಮಾತುಗಳನ್ನು
ಪಕ್ಕಪಕ್ಕ ಗುಂಡಿಗಳ ಮೇಲೆ ಬರೆದ ಪುಣ್ಯಾತ್ಮ ಯಾರೋ,
ಅವನ ಕೈಯೂ ಒಂದು ಗಳಿಗೆ ನಿಂತಿರಬೇಕು.
ದೂರುಪತ್ರ ನನ್ನದಲ್ಲ, ನಾಯಿ ನನ್ನದಲ್ಲ.
ಫ್ರಾಸ್ಟನ್ನು ಮಾತ್ರ ಬೇರೆ ಡ್ರೈವಿಗೆ ಎತ್ತಿಟ್ಟು
ಮಿಕ್ಕದ್ದಕ್ಕೆ ಹೂಂ ಅಂದೆ.
ಹನ್ನೊಂದು ನಿಮಿಷ. ಅನ್ನಕ್ಕಿಟ್ಟು ಬಂದೆ.

ನಿಮ್ಮ ಹೆಸರು?
ಹಂಪಮ್ಮ, ಎಂದು ಕನ್ನಡದಲ್ಲಿ ಒತ್ತಿದರೆ ಒಪ್ಪಿತು;
ಲಾಗಿನ್ನಿಗೆ ಮಾತ್ರ ಇಂಗ್ಲಿಷಿನ ಸಣ್ಣಕ್ಷರ ಬೇಕೆಂದಿತು.
ಲಾಂಡ್ರಿಯಲ್ಲಿ ಒಂಬತ್ತು ವರ್ಷದಿಂದ ನಾನು ಹ್ಯಾಂಪಿ.
ಇಲ್ಲಿ ಪೂರ್ತಿ ಬರೆದೆ, ಎರಡು ಎಮ್ಮು ಸಹಿತ.

ಪರದೆ ತುಂಬ ಅರ್ಧ ಕನ್ನಡ, ಅರ್ಧ ಇಂಗ್ಲಿಷು.
ಅನುವಾದ ಮಾಡುತ್ತಿದ್ದವರಿಗೆ ನಡುವೆ
ಮಗು ಅತ್ತಿರಬೇಕು, ಕರೆಂಟು ಹೋಗಿರಬೇಕು.
ಒಂದು ಕಡೆ 'ಮುಚ್ಚು' ಹೋಗಿ 'ಮುಚು' ಆಗಿದೆ.
ಹಾಲಿನ ಚೀಟಿಯ ಹಿಂದೆ ಗುರುತು ಮಾಡಿಕೊಂಡೆ,
ಯಾರಿಗೆ ಹೇಳಬೇಕೋ ಕ್ಯಾಲಮ್‌ನನ್ನು ಕೇಳಬೇಕು.

ಇವತ್ತು ಬೆಳಿಗ್ಗೆ ಕಾರಿನ ಗಾಜಿನ ಮೇಲೆ
ಉಪ್ಪು ಎರಚಿದಂತಿತ್ತು. ಹಳೇ ಲೈಬ್ರರಿ ಕಾರ್ಡಿನಲ್ಲಿ ಕೆರೆದೆ.
ಒಳಗೆ ಬಂದು ಕಡತ ತೆರೆದು
ಅವಳ ಕೊನೆಯ ಸಾಲಿನ ಕೆಳಗೆ ಬರೆದೆ:
ಮೇ ಹದಿಮೂರು. ಮೆಣಸಿನಗಿಡ ಹೋಯಿತು.
ಮೆಂತ್ಯ ಇದೆ.